ಕುರುಡುಮಲೆಯಿಂದ ಇಲಿಮನೆಗೆ

ಮಾವಿನ ಮಂಡಿಗಳ ಗದ್ದಲ ಅಡಗಿದ ಮೇಲೆ ನಮ್ಮ ಶ್ರೀನಿವಾಸಪುರ ಒಂದು ಒಳ್ಳೆಯ ನಿದ್ದೆ ತೆಗೆಯುತ್ತದೆ. ಲಾರಿಗಳ ಸಾಲಿಲ್ಲ, ಕೂಗಾಟವಿಲ್ಲ, ರಸ್ತೆಬದಿಯ ವಾಟೆಗಳೂ ಒಣಗಿರುತ್ತವೆ. ಆ ಬಿಡುವಿನಲ್ಲಿ ನಾನು ಎರಡು ದಿನದ ಪ್ರವಾಸ ಹೊರಟೆ. ಪ್ರವಾಸ ಎಂದರೆ ನೀವು ನಗಬಹುದು. ಮುಳಬಾಗಿಲು, ಕೋಲಾರ, ಮಾಲೂರು, ಎಲ್ಲವೂ ಮೂವತ್ತೆಂಟು ವರ್ಷ ಬ್ಯಾಂಕ್ ಗುಮಾಸ್ತನಾಗಿ ವರ್ಗವಾಗಿ ತಿರುಗಿದ ಊರುಗಳೇ. ಹೊಸದಾಗಿ ನೋಡಬೇಕಿದ್ದದ್ದು ಒಂದೇ, ಬೆಂಗಳೂರಿನ ಒಂದು ಇಲಿಮನೆ. ಅದನ್ನು ನೋಡಿಕೊಂಡು ಬರುತ್ತಾ ಮಾಲೂರಿನಲ್ಲಿ ಇಳಿದು ಬೀಗರ ಮನೆಗೆ ಹೋಗಿ ಒಂದು ಮಾತು ಹೇಳಬೇಕಿತ್ತು. ನಾಲ್ಕು ತಿಂಗಳಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದ ಮಾತು.

ಮೊದಲು ಮುಳಬಾಗಿಲು. ಬಸ್ಸಿಳಿದವನೇ ದೋಸೆ ತಿಂದೆ. ಮುಳಬಾಗಿಲಿಗೆ ಹೋಗಿ ದೋಸೆ ತಿನ್ನದೆ ಬಂದವನನ್ನು ನಾನಂತೂ ನಂಬುವುದಿಲ್ಲ. ಆಮೇಲೆ ಒಂದು ಡಿಪಾಜಿಟ್ ಮುಂದುವರಿಸಲು ಹಳೆಯ ಶಾಖೆಗೆ ಹೋದೆ. ಕೌಂಟರಿನ ಹುಡುಗಿ ನನ್ನ ಸಹಿಯನ್ನೂ ಕಂಪ್ಯೂಟರಿನ ಸಹಿಯನ್ನೂ ಎರಡು ಸಲ ನೋಡಿ, "ಸರ್, ತಾಳೆ ಆಗ್ತಿಲ್ಲ, ಇನ್ನೊಂದ್ಸಲ ಮಾಡ್ತೀರಾ?" ಎಂದಳು. ಇದೇ ಕೌಂಟರಿನಲ್ಲಿ ಇದೇ ಮಾತನ್ನು ನಾನು ಎಷ್ಟು ಮುದುಕರಿಗೆ ಹೇಳಿದ್ದೇನೋ. ಎರಡು ವರ್ಷದಿಂದ ಬಲಗೈ ನಡುಗುತ್ತಿದೆ. ನಾಲ್ಕನೆಯ ಸಹಿ ಒಪ್ಪಿಗೆಯಾಯಿತು.

ಅಲ್ಲಿಂದ ಆಟೋದಲ್ಲಿ ಕುರುಡುಮಲೆ. ಹದಿಮೂರು ಅಡಿಗೂ ಎತ್ತರದ ಏಕಶಿಲಾ ಗಣಪತಿ. ಯಾವ ಕೆಲಸ ಶುರುಮಾಡುವುದಿದ್ದರೂ ನಮ್ಮ ಕಡೆಯವರು ಅಲ್ಲಿಗೆ ಹೋಗಿ ಕೈಮುಗಿದು ಬರುವುದು ರೂಢಿ. ಬಂದವರೆಲ್ಲ ಕತ್ತೆತ್ತಿ ನೋಡುತ್ತಾರೆ. ಕತ್ತು ಬಗ್ಗಿಸಿ ನೋಡಿದವನು ಒಬ್ಬನೇ, ನನ್ನ ತಮ್ಮ. ಅರುವತ್ತೈದು ವರ್ಷದ ಹಿಂದೆ ಅಮ್ಮನ ಸೆರಗು ಹಿಡಿದು ನಿಂತವನು ದೇವರ ಮುಖ ನೋಡಲೇ ಇಲ್ಲ. ನೆಲ ನೋಡುತ್ತಾ "ಇಲಿ ಎಲ್ಲಿ? ಇಲಿ ಎಲ್ಲಿ? ಇಲಿ ಎಲ್ಲಿ?" ಎನ್ನುತ್ತಲೇ ಇದ್ದ. ಮಂಗಳಾರತಿಯ ಗಂಟೆ ಹೊಡೆದದ್ದೇ ತಡ, ಎರಡೂ ಕಿವಿ ಮುಚ್ಚಿಕೊಂಡು ಚೀರಿ ಹೊರಗೆ ಓಡಿದ.

ನನಗಿಂತ ಐದು ವರ್ಷ ಚಿಕ್ಕವನು. ಎರಡೂವರೆ ವರ್ಷಕ್ಕೆ ನಡೆದ, ಐದಕ್ಕೆ ಮಾತಾಡಿದ. ಆಡಿದ ಮಾತನ್ನೇ ಆಡುತ್ತಿದ್ದ. ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ಸಿಟ್ಟು ಬಂದರೂ ಸಂತೋಷವಾದರೂ ಮುಂಗೈ ಕಚ್ಚಿಕೊಳ್ಳುತ್ತಿದ್ದ, ಅಲ್ಲಿ ಕಾಯಿ ಕಟ್ಟಿತ್ತು. ಕಿವಿಗಳು ದೊಡ್ಡವು. "ಗಣಪನ ಕಿವಿ, ಅದೃಷ್ಟವಂತ" ಎಂದು ಓಣಿಯವರು ಅಮ್ಮನಿಗೆ ಸಮಾಧಾನ ಹೇಳುತ್ತಿದ್ದರು. ಅಮ್ಮ ಅವನನ್ನು ಕರೆದುಕೊಂಡು ಹೋಗದ ಜಾಗವಿಲ್ಲ. ಆವಣಿ ಬೆಟ್ಟ ಹತ್ತಿಸಿದಳು, ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಕಾಣಿಕೆ ಹಾಕಿದಳು, ಅಂತರಗಂಗೆಯ ಬಸವನ ಬಾಯಿಂದ ಬೀಳುವ ನೀರು ಕುಡಿಸಿದಳು. ಶಾಲೆ ಎರಡೇ ವರ್ಷ. ಆಮೇಲೆ ಮಂಡಿ ಅಂಗಡಿಗಳಿಗೆ ಟೀ ಕೊಡುವ ಕೆಲಸ. ಅದನ್ನು ಮೂವತ್ತು ವರ್ಷ ತಪ್ಪದೆ ಮಾಡಿದ. 2009ರಲ್ಲಿ ತೀರಿಕೊಂಡ, ಐವತ್ತಮೂರಕ್ಕೆ. ಅವನಿಗೆ ಏನಾಗಿತ್ತು ಎಂದು ಬದುಕಿರುವವರೆಗೆ ಯಾವ ವೈದ್ಯರೂ ನಮಗೆ ಹೇಳಲಿಲ್ಲ. ನಾವೂ ಕೇಳುವುದನ್ನು ಬಿಟ್ಟಿದ್ದೆವು.

ರಾತ್ರಿ ಕೋಲಾರದಲ್ಲಿ ಮಗಳ ಮನೆಯಲ್ಲಿ ಉಳಿದೆ. ಮೊಮ್ಮಗನಿಗೆ ಎಂಟು ವರ್ಷ. ನಾನು ಹೋದರೆ ಕೈಬಡಿದು ಕುಣಿಯುತ್ತಾನೆ, ಮುಖ ಮಾತ್ರ ಗೋಡೆ ಕಡೆಗೆ. ಕುಕ್ಕರ್ ಕೂಗುವ ಮುಂಚೆ ಮಗಳು ಅವನನ್ನು ಹಿತ್ತಲಿಗೆ ಕಳಿಸುತ್ತಾಳೆ. ಅವನು ಎರಡು ವರ್ಷದವನಿದ್ದಾಗ ಒಂದು ದಿನ ಮುಂಗೈ ಕಚ್ಚಿಕೊಂಡದ್ದನ್ನು ನೋಡಿ ನನ್ನ ಎದೆ ಧಸಕ್ಕೆಂದಿತ್ತು. ಆದರೂ ಬಾಯಿ ಬಿಡಲಿಲ್ಲ.

ಈ ವರ್ಷದ ಮೊದಲಲ್ಲಿ ಬೆಂಗಳೂರಿನ ಒಬ್ಬ ವೈದ್ಯೆ ಅವನನ್ನು ನೋಡಿದರು. ಅವರು ಮೊದಲು ಮಾಡಿದ ಕೆಲಸ ಒಂದು ವಂಶವೃಕ್ಷ ಬರೆದದ್ದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಮೊಮ್ಮಗನ ಚೌಕವನ್ನು ಕಪ್ಪು ಮಾಡಿದರು. "ಮನೆತನದಲ್ಲಿ ಬೇರೆ ಯಾರಾದರೂ?" ಎಂದರು. ಮಗಳು ನನ್ನ ಮುಖ ನೋಡಿದಳು. ನಾನು ತಮ್ಮನ ವಿಷಯ ಹೇಳಿದೆ. ಇನ್ನೊಂದು ಚೌಕ ಕಪ್ಪಾಯಿತು. ಎರಡು ಕಪ್ಪು ಚೌಕಗಳ ನಡುವೆ ನನ್ನದು ಬಿಳಿ ಚೌಕ. ಅವರ ಪೆನ್ಸಿಲ್ ಅದರ ಮೇಲೆ ಬಂದು ನಿಂತಿತು. "ಸರ್, ನಿಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸೋಣ" ಎಂದರು.

ಬಂದ ಹೆಸರು ಫ್ರಜೈಲ್ ಎಕ್ಸ್. ಆನುವಂಶಿಕವಾಗಿ ಬರುವ ಬೌದ್ಧಿಕ ತೊಂದರೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಇಂಥ ಒಂದು ಕುಟುಂಬದ ಬಗ್ಗೆ ಮಾರ್ಟಿನ್ ಮತ್ತು ಬೆಲ್ ಎಂಬ ಇಬ್ಬರು 1943ರಲ್ಲೇ ಇಂಗ್ಲೆಂಡಿನಲ್ಲಿ ಬರೆದಿದ್ದರು. ಕಾರಣವಾದ ಜೀನ್, ಎಫ್‌ಎಂಆರ್1, ಸಿಕ್ಕಿದ್ದು 1991ರಲ್ಲಿ. ನನಗೆ ಅರ್ಥವಾದಂತೆ ಹೇಳುತ್ತೇನೆ. ಗುಮಾಸ್ತನೊಬ್ಬ ರಬ್ಬರ್ ಸ್ಟಾಂಪು ಒತ್ತುವಾಗ ಕೈ ನಿಲ್ಲದೆ ಒಂದೇ ಜಾಗದಲ್ಲಿ ಒತ್ತುತ್ತಾ ಹೋದ ಅಂತಿಟ್ಟುಕೊಳ್ಳಿ. ಎಕ್ಸ್ ವರ್ಣತಂತುವಿನ ಆ ಜೀನಿನಲ್ಲಿ ಸಿಜಿಜಿ ಎಂಬ ಮೂರು ಅಕ್ಷರಗಳು ಎಲ್ಲರಲ್ಲೂ ಮತ್ತೆ ಮತ್ತೆ ಬರುತ್ತವೆ, ಹೆಚ್ಚಿನವರಲ್ಲಿ 30 ಸಲದ ಆಸುಪಾಸು. 200 ದಾಟಿದರೆ ಜೀನ್ ಕದ ಹಾಕಿಕೊಳ್ಳುತ್ತದೆ, ಅದರಿಂದ ಬರಬೇಕಾದ ಪ್ರೋಟೀನ್ ಬರುವುದಿಲ್ಲ. 55ರಿಂದ 200ರವರೆಗೆ ಇದ್ದರೆ ಆ ಮನುಷ್ಯ ಓದುತ್ತಾನೆ, ಬಿಕಾಂ ಮಾಡುತ್ತಾನೆ, ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಾನೆ. ಏನೂ ಗೊತ್ತಾಗುವುದಿಲ್ಲ. ತಂದೆಯ ಈ ಎಕ್ಸ್ ಗಂಡುಮಕ್ಕಳಿಗೆ ಹೋಗುವುದಿಲ್ಲ, ಹೆಣ್ಣುಮಕ್ಕಳಿಗೆ ತಪ್ಪುವುದಿಲ್ಲ. ತಾಯಿಯಿಂದ ಮಗುವಿಗೆ ದಾಟುವಾಗ ಎಣಿಕೆ ಬೆಳೆದುಬಿಡಬಹುದು. ಅಮ್ಮನಿಂದ ತಮ್ಮನಿಗೆ ದಾಟುವಾಗ ಹಾಗೆ ಬೆಳೆದಿತ್ತು. ನನ್ನದು 92. ಅದು ಮಗಳಿಗೆ ಹೋಯಿತು, ಅವಳಿಂದ ಮೊಮ್ಮಗನಿಗೆ ಹೋಗುವಾಗ 200 ದಾಟಿತು. ಕೈ ನಡುಗುವುದಕ್ಕೂ ಇದೇ ಮೂಲ ಇರಬಹುದಂತೆ. ನನ್ನಂಥ ಕೆಲವು ಗಂಡಸರಿಗೆ ವಯಸ್ಸಾದ ಮೇಲೆ ಹೀಗಾಗುತ್ತದೆ ಎಂದು ಅಮೆರಿಕದ ವೈದ್ಯರು 2001ರಲ್ಲಿ ಗುರುತಿಸಿದ್ದಾರೆ.

ಇನ್ನೊಬ್ಬರ ಪಾಸ್‌ಬುಕ್ಕಿನ ತಪ್ಪು ಹುಡುಕುತ್ತಾ ಕಾಲ ಕಳೆದವನ ಸ್ವಂತ ಖಾತೆಯಲ್ಲೇ ಎಪ್ಪತ್ತನಾಲ್ಕು ವರ್ಷದಿಂದ ಈ ಬಾಕಿ ಕೂತಿತ್ತು.

ಬೀಗರ ಮನೆಗೆ ಹೇಳಬೇಕಾದ ಮಾತು ಇದೇ. 2014ರಲ್ಲಿ ಮಗಳ ಮದುವೆ ಮಾತುಕತೆಯಾದಾಗ ತಮ್ಮ ತೀರಿಕೊಂಡು ಐದು ವರ್ಷವಾಗಿತ್ತು. ಮನೆಯಲ್ಲಿ ಅಂಥವನೊಬ್ಬ ಇದ್ದ ಎಂದು ನಾವು ಹೇಳಲಿಲ್ಲ. ಅವರು ಕೇಳಲಿಲ್ಲ, ಆದ್ದರಿಂದ ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಬೀಗಿತ್ತಿ, ಸೊಸೆ ಬಸುರಿಯಲ್ಲಿ ಗ್ರಹಣದ ದಿನ ಆಚೆ ಹೋದದ್ದರಿಂದ ಮಗು ಹೀಗಾಯಿತು ಎಂದು ನಂಬಿದ್ದರು. ಹಬ್ಬಕ್ಕೆ ಹೋದಾಗಲೆಲ್ಲ ಆ ಮಾತು ಬರುತ್ತಿತ್ತು. ಮಗಳು ನನ್ನ ಮರ್ಯಾದೆ ಉಳಿಸಲು ಎಲ್ಲವನ್ನೂ ತಲೆತಗ್ಗಿಸಿ ಕೇಳಿಸಿಕೊಂಡಿದ್ದಳು.

ಮಾರನೆಯ ಬೆಳಿಗ್ಗೆ ಕೋಲಾರದಿಂದ ಬೆಂಗಳೂರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಯೋಚನೆ. ಬೆಂಗಳೂರಿನವರು ಬಳಸಿ ಬಿಟ್ಟ ನೀರು ಶುದ್ಧಿಯಾಗಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ನಮ್ಮಿಂದ ಅಲ್ಲಿಗೆ ಹಾಲು, ಟೊಮೆಟೊ, ಮಾವು. ಈಚೆಗೆ ರಕ್ತವೂ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಸಾವಿರಾರು ಜನರನ್ನು ವರ್ಷ ವರ್ಷ ಪರೀಕ್ಷಿಸುತ್ತಿದ್ದಾರೆ, ವಯಸ್ಸಾದಂತೆ ಮಿದುಳಿಗೆ ಏನಾಗುತ್ತದೆ ಎಂದು ತಿಳಿಯಲು. ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಮಿದುಳಿನ ವಿಷಯಕ್ಕೆ ತೋಳು ಚಾಚುವುದು ಈಗ ವಿಚಿತ್ರವಲ್ಲ.

ಇಲಿಮನೆಗೆ ದಾರಿ ಮಾಡಿಕೊಟ್ಟದ್ದು ಹಳೆಯ ಸಹೋದ್ಯೋಗಿಯ ಮಗಳು. ಪಶುವೈದ್ಯ ಓದಿದವಳು. ಬಳ್ಳಾರಿ ರಸ್ತೆಯ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಯಾವುದೆಂದು ಬರೆಯಬೇಡಿ ಎಂದಿದ್ದಾಳೆ. ಆ ಕಡೆ ಇಂಥವು ಒಂದಲ್ಲ, ಕೆಲವಿವೆ.

"ಮನೆಯಲ್ಲಿ ಇಲಿ ಇದೆಯಾ ಅಂಕಲ್?" ಎಂಬುದು ಅವಳ ಮೊದಲ ಪ್ರಶ್ನೆ.

"ಮಾವಿನಕಾಯಿ ಇಡುವ ಅಟ್ಟ. ಇಲ್ಲದೆ ಇರುತ್ತಾ?"

"ಹಾಗಾದರೆ ನೀವು ಒಳಗೆ ಬರೋ ಹಾಗಿಲ್ಲ. ನಮ್ಮ ಇಲಿಗಳಿಗೆ ನಿಮ್ಮಿಂದ ಅಪಾಯ."

ಇಲಿಯಿಂದ ನಮಗೆ ಅಪಾಯ ಎಂದು ಕೇಳಿದ್ದೆ, ಇದು ಹೊಸದು. ಅಟ್ಟದ ಇಲಿಯ ಸೋಂಕು ನನ್ನ ಅಂಗಿಯಲ್ಲಿ ಹೋದರೂ ಒಳಗಿನ ಇಲಿಗಳಿಗೆ ಕಾಯಿಲೆ ಬಂದು ವರ್ಷಗಳ ಕೆಲಸ ಹಾಳಾಗಬಹುದಂತೆ. ಒಳಗೆ ಹೋಗುವ ಅವಳೂ ಬಟ್ಟೆ ಬದಲಿಸಿ, ಟೋಪಿ, ಮಾಸ್ಕು, ಕೈಗವಸು ಹಾಕಿಕೊಂಡೇ ಹೋಗಬೇಕು. ಹೀಗೆ ನಾನು ಅಷ್ಟು ದೂರ ಹೋಗಿ ನೋಡಿದ್ದು ಒಂದು ಮುಚ್ಚಿದ ಬಾಗಿಲನ್ನು. ಹೊರಗಿನ ಕೋಣೆಯಲ್ಲಿ ಕೂರಿಸಿ, ಕಂಪ್ಯೂಟರಿನಲ್ಲಿ ಚಿತ್ರ ತೋರಿಸುತ್ತಾ ಎರಡು ಗಂಟೆ ವಿವರಿಸಿದಳು.

ಪಾರದರ್ಶಕ ಡಬ್ಬಿಗಳು, ಕಪಾಟಿನ ತುಂಬ ಸಾಲು ಸಾಲು. ಪ್ರತಿ ಡಬ್ಬಿಗೂ ಶೋಧಿಸಿದ ಗಾಳಿ ಬೇರೆಯೇ ಹೋಗುತ್ತದೆ. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ. ಹಾಸಿಗೆಗೆ ಜೋಳದ ದಿಂಡಿನ ಪುಡಿ, ಅದನ್ನೂ ಹಬೆಯಲ್ಲಿ ಬೇಯಿಸಿಯೇ ಹಾಕುತ್ತಾರೆ. ನನ್ನ ಕಣ್ಣು ಹೋದದ್ದು ಪ್ರತಿ ಡಬ್ಬಿಯ ಮುಂದಿನ ಕಾರ್ಡಿಗೆ. ತಳಿ, ಹುಟ್ಟಿದ ದಿನ, ತಂದೆ ತಾಯಿಯ ಸಂಖ್ಯೆ, ಯಾವ ಅನುಮತಿಯ ಮೇಲೆ ಸಾಕಿದ್ದು ಎಂಬ ಸಂಖ್ಯೆ. ನಮ್ಮ ಹಳೆಯ ಲೆಡ್ಜರ್ ಕಾರ್ಡುಗಳೇ! ಇಲಿ ಗಬ್ಬವಾಗಿ ಇಪ್ಪತ್ತು ದಿನಕ್ಕೆ ಮರಿ, ಇನ್ನು ಇಪ್ಪತ್ತೊಂದು ದಿನಕ್ಕೆ ತಾಯಿಯಿಂದ ಬಿಡಿಸುವುದು. ನಿತ್ಯ ಬರೆಯದಿದ್ದರೆ ವಾರದಲ್ಲಿ ಲೆಕ್ಕ ತಪ್ಪುತ್ತದೆ.

ಈ ಮನೆ ಯಾವ ಒಬ್ಬ ವಿಜ್ಞಾನಿಯದೂ ಅಲ್ಲ, ಎಲ್ಲರಿಗೂ ಸೇರಿದ್ದು. ನನಗೆ ಇದು ಬಹಳ ಹಿಡಿಸಿತು. ನಮ್ಮ ಹಳ್ಳಿಗಳ ಹಾಲಿನ ಡೇರಿ ನೋಡಿ. ಹಸು ಅವರವರದು. ಆದರೆ ಕೊಬ್ಬು ಅಳೆಯುವ ಯಂತ್ರ, ಹಾಲು ತಣಿಸುವ ತೊಟ್ಟಿ, ಪಶುವೈದ್ಯರು ಇಡೀ ಊರಿಗೆ ಒಂದೇ. ಇಲ್ಲಿಯೂ ಪ್ರಶ್ನೆ ಅವರವರದು. ಇಲಿ ಸಾಕುವುದು, ಬೇಕಾದ ಜೀನ್ ಬದಲಿಸಿದ ತಳಿ ತಯಾರಿಸುವುದು, ಕಿವಿಯಂಚಿನ ಚೂರು ತೆಗೆದು ಯಾವ ಮರಿಯಲ್ಲಿ ಯಾವ ಜೀನ್ ಇದೆ ಎಂದು ನೋಡುವುದು, ದೊಡ್ಡ ಸೂಕ್ಷ್ಮದರ್ಶಕಗಳು, ನಡವಳಿಕೆ ಪರೀಕ್ಷಿಸುವ ಕೋಣೆಗಳು, ಇವೆಲ್ಲ ಹಂಚಿಕೊಂಡ ಸೇವೆ. ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳಿಗೂ ಪ್ರಾಣಿ ಆರೈಕೆ ಕೇಂದ್ರ ಹೀಗೆ ಜಂಟಿಯಾಗಿದೆ. ಒಬ್ಬೊಬ್ಬರೂ ಬೇರೆ ಬೇರೆ ಸಾಕಿದರೆ ಖರ್ಚೂ ಹೆಚ್ಚು, ಸಾಯುವ ಇಲಿಗಳೂ ಹೆಚ್ಚು.

ಮಾವು ಬೆಳೆಯುವ ಊರಿನವಳಾದ್ದರಿಂದ ಇನ್ನೊಂದನ್ನು ಚೆನ್ನಾಗಿ ಹೇಳಿದಳು. ಬಾದಾಮಿ ಮಾವನ್ನು ವಾಟೆಯಿಂದ ಬೆಳೆಸಿದರೆ ಏನು ಬರುತ್ತದೋ ಹೇಳಲಾಗದು, ಕಸಿ ಕಟ್ಟಿದರೆ ಅದೇ ಬಾದಾಮಿ. ಪ್ರಯೋಗಕ್ಕೂ ಒಂದೇ ತೆರನ ಇಲಿ ಬೇಕು. ಇಲಿಗೆ ಕಸಿ ಇಲ್ಲ. ತಲೆಮಾರುಗಟ್ಟಲೆ ಅಣ್ಣತಂಗಿಯರನ್ನೇ ಕೂಡಿಸಿ ಒಂದೇ ಬಗೆಯ ತಳಿ ಮಾಡುತ್ತಾರೆ. ಅಮೆರಿಕದಲ್ಲಿ ಆಬಿ ಲ್ಯಾಥ್ರೋಪ್ ಎಂಬ ಶಾಲಾ ಶಿಕ್ಷಕಿ ಕೆಲಸ ಬಿಟ್ಟ ಮೇಲೆ ಮುದ್ದಿಗೆ ಸಾಕುವ ಇಲಿಗಳನ್ನು ಮಾರುತ್ತಿದ್ದಳು. ಅವಳ 57ನೆಯ ನಂಬರಿನ ಹೆಣ್ಣಿಲಿಯಿಂದ 1921ರಲ್ಲಿ ಹುಟ್ಟಿದ ಕಪ್ಪು ತಳಿಯೇ ಈಗ ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದೆ. ಆ ತಳಿ ಬೆಳೆಸಿದ ಲಿಟ್ಲ್ ಎಂಬಾತ 1929ರಲ್ಲಿ ಸ್ಥಾಪಿಸಿದ ಜಾಕ್ಸನ್ ಪ್ರಯೋಗಾಲಯ ಎಲ್ಲರಿಗೂ ಇಲಿ ಒದಗಿಸುತ್ತಿತ್ತು. 1947ರ ಕಾಡ್ಗಿಚ್ಚಿನಲ್ಲಿ ಅದರ ಇಲಿಗಳಲ್ಲಿ ಬಹುಪಾಲು ಸತ್ತುಹೋದವು. ಆಗ ಹಿಂದೆ ಅಲ್ಲಿಂದ ತರಿಸಿಕೊಂಡಿದ್ದವರು ಇಲಿಗಳನ್ನು ವಾಪಸು ಕಳಿಸಿದರು, ತಳಿಗಳು ಉಳಿದವು. 1972ರಿಂದ ಇಲಿಯ ಭ್ರೂಣವನ್ನೇ ಹೆಪ್ಪುಗಟ್ಟಿಸಿ ಇಡಲು ಬರುತ್ತದೆ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ. ಡಿಪಾಜಿಟ್ ಇಟ್ಟು ಬೇಕಾದಾಗ ತೆಗೆಯುವುದು. ಸಹಿ ತಾಳೆಯಾಗುವ ತೊಂದರೆಯೂ ಇಲ್ಲ.

ಕಡೆಗೆ ನಾನು ಬಂದ ವಿಷಯ ಕೇಳಿದೆ. ನಮ್ಮ ಹುಡುಗನಂಥ ಇಲಿ ಇದೆಯಾ?

ಇದೆ. ಫ್ರಜೈಲ್ ಎಕ್ಸ್ ಜೀನ್ ಕೆಲಸ ಮಾಡದ ಇಲಿಯನ್ನು ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ವಿಜ್ಞಾನಿಗಳು 1994ರಲ್ಲಿ ಸಿದ್ಧಪಡಿಸಿದರು. ನೋಡಲು ಬೇರೆ ಇಲಿಯಂತೆಯೇ. ಆದರೆ ಜೋರು ಗಂಟೆಯ ಸದ್ದಾದರೆ ಹುಚ್ಚೆದ್ದು ಓಡುತ್ತದೆ, ಫಿಟ್ಸ್ ಬಂದು ಬೀಳುತ್ತದೆ.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕುರುಡುಮಲೆಯಲ್ಲಿ ನನ್ನ ತಮ್ಮ ಓಡಿದ್ದು ಹೀಗೆಯೇ.

ಆ ಪ್ರೋಟೀನ್ ಇಲ್ಲದಿದ್ದರೆ ನರಕೋಶದ ರೆಂಬೆಗಳ ಮೇಲಿನ ಸಣ್ಣ ಮುಳ್ಳುಗಳು ಬಲಿಯದೆ ಎಳಸಾಗಿ, ಉದ್ದವಾಗಿ ಉಳಿಯುತ್ತವೆ. ಕೋಶ ಕೋಶಕ್ಕೆ ಸುದ್ದಿ ಮುಟ್ಟುವ ಜಾಗ ಅದು. ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿಯವರ ತಂಡ ಮಿದುಳಿನಲ್ಲಿ ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲ ಎಂಬ ಭಾಗವನ್ನು ಈ ಇಲಿಗಳಲ್ಲಿ ಪರಿಶೀಲಿಸಿ, ಅಲ್ಲಿನ ದೋಷಗಳಲ್ಲಿ ಕೆಲವು ಒಂದು ಔಷಧಿಯಿಂದ ಸರಿಯಾಗುತ್ತವೆ ಎಂದು 2010ರಲ್ಲಿ ತೋರಿಸಿತು. ಅಲ್ಲಿಂದ ದೂರವಿಲ್ಲದ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಜೇಮ್ಸ್ ಕ್ಲೆಮೆಂಟ್ ಅವರ ತಂಡ ಸಿನ್‌ಗ್ಯಾಪ್1 ಎಂಬ ಬೇರೊಂದು ಜೀನಿನಿಂದ ಬರುವ ಇಂಥದೇ ತೊಂದರೆಯನ್ನು ಇಲಿಗಳಲ್ಲಿ ನೋಡುತ್ತಿದೆ.

"ಹಾಗಾದರೆ ಆ ಔಷಧಿ?" ಎಂದೆ. ಕೇಳುವಾಗ ದನಿ ಸ್ವಲ್ಪ ಏರಿತ್ತು ಅಂತ ಕಾಣುತ್ತದೆ.

ಹುಡುಗಿ ಮುಚ್ಚಿಡಲಿಲ್ಲ. ಅದೇ ದಾರಿಯ ಔಷಧಿಗಳನ್ನು ಎರಡು ದೊಡ್ಡ ಕಂಪನಿಗಳು ಮನುಷ್ಯರಿಗೆ ಕೊಟ್ಟು ನೋಡಿದವು. ಇಲಿಗೆ ಆದ ಗುಣ ಜನರಲ್ಲಿ ಕಾಣಲಿಲ್ಲ, 2014ರ ಸುಮಾರಿಗೆ ಕೈಬಿಟ್ಟವು. ಕೊಡಲು ತಡವಾಯಿತೇ, ಅಳೆದ ರೀತಿ ಸರಿಯಿಲ್ಲವೇ, ಇಲಿ ಇಲಿಯೇ ಮನುಷ್ಯ ಮನುಷ್ಯನೇ ಎಂದೇ, ಅಂತ ಚರ್ಚೆ ನಡೆದಿದೆ. ಎಡಿನ್‌ಬರಾದ ತಂಡ 2019ರಲ್ಲಿ ಹೆಗ್ಗಣದ ಜಾತಿಯ ದೊಡ್ಡ ಇಲಿಗಳಿಗೆ ಎಳೆಯ ವಯಸ್ಸಿನಲ್ಲಿ ನಾಲ್ಕೇ ವಾರ ಲೋವಾಸ್ಟಾಟಿನ್ ಕೊಟ್ಟಿತು. ಕೊಲೆಸ್ಟರಾಲ್ ಮಾತ್ರೆ ಅದು. ನಿಲ್ಲಿಸಿ ತಿಂಗಳುಗಳಾದ ಮೇಲೂ ಅವು ಕಲಿತದ್ದು ಉಳಿದಿತ್ತು. "ಮೊಮ್ಮಗನಿಗೆ ಅದನ್ನ ಕೊಡಿಸಬೇಡಿ ಅಂಕಲ್. ಇದು ಇಲಿ ಲೆಕ್ಕ. ಮಾತು ಕಲಿಸೋ ತರಬೇತಿ, ಸ್ಪೆಷಲ್ ಟೀಚರ್, ಅದನ್ನ ಬಿಡಬೇಡಿ" ಎಂದಳು. ಮಂದಿಗೆ ಡಿಪಾಜಿಟ್ಟಿನ ಬಡ್ಡಿ ಹೆಚ್ಚಾಗಿ ಹೇಳಿ ಕಳಿಸುವವರನ್ನು ನಾನು ಬಲ್ಲೆ. ಇವಳು ಅಂಥವಳಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು. "ಕೆಲಸ ಮುಗಿದ ಮೇಲೆ ಅವನ್ನೇನು ಮಾಡ್ತೀರಮ್ಮ?"

"ಬಹಳಷ್ಟನ್ನ ನೋವಾಗದ ಹಾಗೆ ಸಾಯಿಸ್ತೀವಿ. ಮಿದುಳು ನೋಡಲೇಬೇಕಲ್ಲ." ಮುಖ ತಿರುಗಿಸದೆ ಹೇಳಿದಳು. ಎಷ್ಟು ಇಲಿ, ಯಾಕೆ, ಬೇರೆ ದಾರಿ ಇಲ್ಲವೇ ಎಂದು ನೈತಿಕ ಸಮಿತಿ ಮೊದಲೇ ಕೇಳುತ್ತದೆ, ಅದರಲ್ಲಿ ಸರ್ಕಾರ ನೇಮಿಸಿದ ಹೊರಗಿನವರೂ ಇರುತ್ತಾರೆ. ಇದಕ್ಕೆ ಬುಡ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದಕ್ಕಾಗಿ ಸಂಸತ್ತಿನಲ್ಲಿ ಮೊದಲು ಮಸೂದೆ ತಂದವರು ನೃತ್ಯ ಕಲಾವಿದೆ ರುಕ್ಮಿಣಿ ದೇವಿ. ನನಗೆ ಇದು ಪೂರ್ತಿ ಸಮಾಧಾನ ತಂದಿತು ಎಂದರೆ ಸುಳ್ಳು. ಆದರೆ ಅಟ್ಟದಲ್ಲಿ ಬೋನಿಟ್ಟು, ಬಿದ್ದ ಇಲಿಯನ್ನು ಬೋನಿನ ಸಮೇತ ನೀರಿನ ಡ್ರಮ್ಮಿಗೆ ಇಳಿಸುವ ಮನೆಯವನು ನಾನು. ಅದಕ್ಕೆ ಯಾವ ಸಮಿತಿಯ ಅನುಮತಿಯನ್ನೂ ಕೇಳಿಲ್ಲ.

ಕೃಷ್ಣರಾಜಪುರದಲ್ಲಿ ರೈಲು ಹತ್ತಿ ಮಾಲೂರಿನಲ್ಲಿ ಇಳಿದಾಗ ಸಂಜೆ. ಹಿಂದೆ ನಾನು ಅಲ್ಲಿ ಕೆಲಸಕ್ಕಿದ್ದಾಗ ಹಂಚಿನ ಕಾರ್ಖಾನೆಯವರು ಸಾಲಕ್ಕೆ ಬರುತ್ತಿದ್ದರು. ಅಚ್ಚಿನಲ್ಲಿ ಒಂದು ಗೆರೆ ಸೀಳಿದ್ದರೆ ಅದರಿಂದ ಬಂದ ಪ್ರತಿ ಹಂಚಿನಲ್ಲೂ ಆ ಗೆರೆ ಇರುತ್ತದೆ ಎಂದು ಒಬ್ಬರು ತೋರಿಸಿದ್ದು ನೆನಪಾಯಿತು.

ಬೀಗಿತ್ತಿ ಕಾಫಿ ತಂದಿಟ್ಟರು. ಲೋಟ ಹಿಡಿದರೆ ಕೈ ನಡುಗುತ್ತದೆಂದು ಕೆಳಗೇ ಇಟ್ಟೆ. ಬರುವ ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು.

"ಅಮ್ಮಾ, ಮಗು ಹೀಗಾಗಿದ್ದು ಗ್ರಹಣದಿಂದಲ್ಲ. ನನ್ನಿಂದ ಬಂದದ್ದು" ಎಂದೆ. "ನನಗೊಬ್ಬ ತಮ್ಮ ಇದ್ದ. ಮದುವೆ ಕಾಲದಲ್ಲಿ ನಿಮಗೆ ಹೇಳಲಿಲ್ಲ."

ಬೀಗರು ಟಿವಿ ಆರಿಸಿದರು. ನಾನು ಎಣಿಕೆ, ಚೌಕ, ವೃತ್ತ ಎಲ್ಲ ಹೇಳಿದೆ. ಎಷ್ಟು ಅರ್ಥವಾಯಿತೋ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಬೀಗಿತ್ತಿ, "ಅವರ ಫೋಟೋ ಇದೆಯಾ?" ಎಂದರು.

ಪರ್ಸಿನಲ್ಲಿತ್ತು. ಕೋಲಾರದ ಸ್ಟುಡಿಯೋ ಒಂದರಲ್ಲಿ ತೆಗೆಸಿದ್ದು, ತಮ್ಮನಿಗೆ ಹತ್ತು ವರ್ಷವಿರಬಹುದು. ಫೋಟೋದವನು ಎಷ್ಟು ಕರೆದರೂ ಕ್ಯಾಮೆರಾ ನೋಡದೆ ಪಕ್ಕಕ್ಕೆ ತಿರುಗಿದ್ದಾನೆ. ಅವರು ಅದನ್ನು ದೀಪದ ಕೆಳಗೆ ಹಿಡಿದು ನೋಡಿದರು.

"ಕಿವಿ ನೋಡ್ರೀ, ನಮ್ಮ ಹುಡುಗನದೇ" ಎಂದು ಗಂಡನಿಗೆ ತೋರಿಸಿದರು. ಆಮೇಲೆ ಫೋಟೋ ನನಗೆ ಕೊಡದೆ, ಮೊಬೈಲು ತೆಗೆದುಕೊಂಡು ಅಡುಗೆಮನೆಗೆ ಹೋಗಿ ಸೊಸೆಗೆ ಫೋನ್ ಮಾಡಿದರು. ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಕೋಲಾರದ ಬಸ್ಸಿಗೆ ಹೊತ್ತಾಗುತ್ತಿತ್ತು. ಬೀಗರು ಕಾಫಿ ಲೋಟ ಎತ್ತಿ, ಅರ್ಧ ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು, ತುಳುಕದಷ್ಟು ಮಾಡಿ ನನ್ನ ಕೈಗಿಟ್ಟರು.